ಅಜ್ಜ ಸ್ಟೀರಿಯೋ ಕಾಯಿಸಿದ್ದು

ಅಕ್ಕನ ಮದುವೆಗೆ ಬೀಗರಿಗಿಂತ ಮೊದಲು ನಮ್ಮ ಮನೆಗೆ ಬಂದಿಳಿದದ್ದು ಭಾವನ ಸ್ಟೀರಿಯೋ. ಎಪ್ಪತ್ತರ ದಶಕದ ನಡುವಿನ ಮಾತು. ಶಿಕಾರಿಪುರದಲ್ಲಿ ಆಗಲೇ ಟ್ರಾನ್ಸಿಸ್ಟರನ್ನು ಬಗಲಿಗೆ ನೇತುಹಾಕಿಕೊಂಡು ತಿರುಗುವವರು ಬೇಕಾದಷ್ಟಿದ್ದರು. ಸ್ಟೀರಿಯೋ ಎಂಬುದನ್ನು ಮಾತ್ರ ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಭಾವ ಸೊರಬದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮುಂಬಯಿಯ ಬಂದರಿನಲ್ಲಿ ಕೆಲಸಕ್ಕಿದ್ದ ಅವರ ಸೋದರಮಾವ ಯಾವುದೋ ಹಡಗಿನವನಿಂದ ಕೊಂಡು, ಆಮೇಲೆ ಅಳಿಯನಿಗೆ ಕೊಟ್ಟಿದ್ದ ಸೆಟ್ಟು ಅದು. ಹಳೇ ರೇಡಿಯೋಗಳ ಹಾಗೆ ಗಾಜಿನ ವಾಲ್ವಿನದು. ದೊಡ್ಡ ಮರದ ಪೆಟ್ಟಿಗೆ, ಮುಂದೆ ಗಾಜಿನ ಪಟ್ಟಿ, ಪಟ್ಟಿಯ ಮೇಲೆ ನಾವು ಓದಲಾರದ ಊರುಗಳ ಹೆಸರು. ಅದರ ಜೊತೆಗೆ ಎರಡು ಬೇರೆ ಪೆಟ್ಟಿಗೆಗಳು, ಎಡಕ್ಕೊಂದು, ಬಲಕ್ಕೊಂದು. ಅವುಗಳ ಮುಖಕ್ಕೆ ಗೋಧಿ ಬಣ್ಣದ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿತ್ತು. ಸ್ವರ ಹೊರಡುವುದು ಈ ಎರಡರಿಂದ.

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ. ಬಾಡಿಗೆಯ ಮೈಕ್‌ಸೆಟ್ಟಿನವರು ಕಿವಿ ಹರಿಯುವಂತೆ ಕಿರುಚಿಸುತ್ತಾರೆ, ಅದು ಬೇಡ, ನನ್ನ ಸೆಟ್ಟೇ ಸಾಕು ಎಂದು ಭಾವ ಮೊದಲೇ ತಂದಿಟ್ಟು ಹೋಗಲು ಬಂದರು. ಸೊರಬದಿಂದ ಶಿರಾಳಕೊಪ್ಪದ ಮೇಲೆ ಬರುವ ಬಸ್ಸು. ದೊಡ್ಡ ಪೆಟ್ಟಿಗೆ ತೊಡೆಯ ಮೇಲೆ, ಸಣ್ಣವೆರಡು ಗೋಣಿಚೀಲದಲ್ಲಿ ಕಾಲಿನ ನಡುವೆ. ಶಿರಾಳಕೊಪ್ಪದಲ್ಲಿ ಸಂತೆಯ ಜನ ಹತ್ತಿ ಅವರ ಪೆಟ್ಟಿಗೆಯ ಮೇಲೆ ಕೋಳಿಬುಟ್ಟಿ ಇಡಲು ನೋಡಿದಾಗ ಎದ್ದು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತವರು ಶಿಕಾರಿಪುರದವರೆಗೂ ಕೂರಲಿಲ್ಲವಂತೆ. ಇದನ್ನು ಅವರೇ ಹೇಳಿದರು. ಹೇಳುವಾಗ ನಗಲಿಲ್ಲ. ಈ ಮನುಷ್ಯನಿಗೆ ಹೆಂಡತಿ ಯಾಕೆ ಬೇಕೋ ಎಂದು ನಾನು ಬಾಗಿಲ ಹಿಂದೆ ಅಕ್ಕನ ಕಿವಿಯಲ್ಲಿ ಹೇಳಿ ತೊಡೆಗೆ ಚಿವುಟಿಸಿಕೊಂಡೆ.

ನಡುಮನೆಯ ಮೇಜಿನ ಮೇಲೆ ಎಲ್ಲವನ್ನೂ ಇಟ್ಟು, ಕಂಬಳಿ ಹೊದಿಸಿ, ಭಾವ ನಮ್ಮಪ್ಪನಿಗೆ ತಿಳಿಸಿ ಹೇಳಿದರು. "ಇದು ಟ್ರಾನ್ಸಿಸ್ಟರ್ ಹಂಗಲ್ಲ ಮಾವ. ಕಾಯದೆ ಹಾಡೋದಿಲ್ಲ. ಚೆನ್ನಾಗಿ ಕಾಯ್ಬೇಕು. ಕಾಯೋದ್ರೊಳಗೆ ಅವಸರ ಮಾಡಿದ್ರೆ ಸ್ವರ ಬರೋದಿಲ್ಲ. ನಾನೇ ಬಂದು ಹಚ್ತೀನಿ, ಅಲ್ಲಿ ತನಕ ಹಿಂಗೇ ಇರ್ಲಿ."

ಅಪ್ಪನ ಗಮನ ಕಾಫಿ ಇನ್ನೂ ಯಾಕೆ ಬರಲಿಲ್ಲ ಎಂಬುದರ ಮೇಲಿತ್ತು. ಆ ಮಾತನ್ನು ಮನಸ್ಸಿಟ್ಟು ಕೇಳಿದವನು ಒಬ್ಬನೇ, ನಮ್ಮ ಅಜ್ಜ. ಅಮ್ಮನ ಅಪ್ಪ. ಗುಡವಿ ಕಡೆಯ ಹಳ್ಳಿಯವನು, ಮೊಮ್ಮಗಳ ಮದುವೆಗೆಂದು ಬಂದು ನಮ್ಮಲ್ಲಿದ್ದ. ಕೈಯಲ್ಲಿ ಶಕ್ತಿ ಇರುವವರೆಗೂ ಡೊಳ್ಳಿನ ಮೇಳ ಕಟ್ಟಿಕೊಂಡು ಸೊರಬದ ಸುತ್ತಿನ ಊರುಗಳಲ್ಲೆಲ್ಲ ಬಾರಿಸಿದವನು. ಡೊಳ್ಳಿಗೂ ಎರಡು ಮುಖ, ಎಡದ್ದೊಂದು ಬಲದ್ದೊಂದು. ಚಳಿಗೆ, ಇಬ್ಬನಿಗೆ ಚರ್ಮ ಸಡಿಲವಾಗಿ ದನಿ ಸತ್ತುಹೋಗುತ್ತದೆ. ಬೆಂಕಿ ಮಾಡಿ, ಮುಖಗಳನ್ನು ಹದವಾಗಿ ಕಾಯಿಸಿಯೇ ಹೆಗಲಿಗೆ ಹಾಕುವುದು. ಹೀಗಾಗಿ ಭಾವನ ಮಾತು ಅಜ್ಜನಿಗೆ ಎದೆಗೆ ಹಾಲೆರೆದಂತಾಯಿತು.

"ಸೈ ಮಾತು," ಎಂದ. "ಕಾಯ್ದೇ ಇದ್ರೆ ಡಬ್ ಡಬ್ ಅಂತದೆ, ನಾದ ಏಳದಿಲ್ಲ."

"ಹೌದು ಅಜ್ಜ, ಹಂಗೇ," ಎಂದರು ಭಾವ, ಮರ್ಯಾದೆಗೆ. ಅವರು ಹೋದ ಮೇಲೂ ಅಜ್ಜ ಬಹಳ ಹೊತ್ತು ಆ ಕಂಬಳಿಯ ಕಡೆ ನೋಡುತ್ತ, ಹುಡುಗ ತಿಳಿದವನು ಎಂದು ಹೇಳುತ್ತಲೇ ಇದ್ದ.

ಅಕ್ಕ ಮಾತ್ರ ಹಾಗೆ ಹೇಳಲಿಲ್ಲ. ಅದಕ್ಕೆ ಕಾರಣ ಹೇಳಬೇಕೆಂದರೆ ನಮ್ಮಪ್ಪನ ವಿಷಯ ಹೇಳಬೇಕು.

ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಎಮ್ಮೆ ಒದ್ದರೆ ಸುಮ್ಮನಿರುತ್ತಿದ್ದ, ಡಾಕ್ಟರು ಬೈದರೆ ಸುಮ್ಮನಿರುತ್ತಿದ್ದ, ಮನೆಗೆ ಬಂದು ಸಾರಿಗೆ ಉಪ್ಪು ಕಮ್ಮಿ ಎಂದು ಕೂಗುತ್ತಿದ್ದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೊತ್ತಿಯೂ ಸಾಕಿರಲಿಲ್ಲ, ಹಾಗಾಗಿ ಎಲ್ಲಾ ಅಮ್ಮನ ಮೇಲೆ. ಹೊಡೆದವನಲ್ಲ, ಕುಡಿದವನಲ್ಲ. ಬರೀ ಕೂಗು. ಆ ಕೂಗು ಹೊರಗಿನ ಹಾಸುಗಲ್ಲು ದಾಟುವಾಗಲೇ ಶುರುವಾಗುತ್ತಿತ್ತು. ಅಮ್ಮನ ಕೈಯಿಂದ ಆಗಲೇ ಲೋಟ ಉರುಳುತ್ತಿತ್ತು, ಲೋಟ ಉರುಳಿತೆಂದು ಇನ್ನೊಂದು ಕೂಗು. ನಾನು ಅಪ್ಪನನ್ನೇ ಹೋತವಳು, ತಿರುಗಿ ಕೂಗಿ ಬದುಕಿಕೊಂಡೆ. ಅಕ್ಕ ಅಮ್ಮನನ್ನು ಹೋತವಳು. ಅವಳಿಗೆ ಗಂಡನ ಬಗ್ಗೆ ಇದ್ದ ಆಸೆ ಒಂದೇ ಒಂದು. ಬಣ್ಣ, ಎತ್ತರ, ಗದ್ದೆ, ಸಂಬಳ ಯಾವುದನ್ನೂ ಅವಳು ಕೇಳಲಿಲ್ಲ. ಕೂಗದವನಾಗಿದ್ದರೆ ಸಾಕು ಎಂದು ನನ್ನೊಬ್ಬಳ ಹತ್ತಿರ ಹೇಳಿದ್ದಳು.

ಹೆಣ್ಣು ನೋಡಲು ಬಂದಾಗ ಭಾವ ಕಾಫಿ ಚೆನ್ನಾಗಿದೆ ಎಂದದ್ದು ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಅಷ್ಟರಿಂದ ಏನು ಗೊತ್ತಾಗಬೇಕು? ನಿಶ್ಚಿತಾರ್ಥ ಮುಗಿದ ಮೇಲೆ, ಮದುವೆ ಬಟ್ಟೆಗೆಂದು ಶಿರಾಳಕೊಪ್ಪಕ್ಕೆ ಹೋದಾಗ, ನಮಗೆ ಬಹಳ ದಿನದಿಂದ ಪರಿಚಯವಿದ್ದ ಬಟ್ಟೆ ಅಂಗಡಿಯ ಸಾಹೇಬರು ರವಿಕೆಯ ಬಟ್ಟೆ ಅಳೆಯುತ್ತ ಅಳೆಯುತ್ತ ಹೇಳಿದರು. "ಸೊರಬದ ರೇಡಿಯೋ ಮೇಷ್ಟ್ರಾ? ಒಳ್ಳೆ ಮನುಷ್ಯ ಕಣಮ್ಮ. ಆ ಡಬ್ಬ ಮುಟ್ಟಬಾರದು ಅಷ್ಟೇ. ತಮ್ಮ ಅದರ ತಿರುಪು ತಿರುಗಿಸಿದ ಅಂತ ಅವನ ಹತ್ರ ಒಂದು ವರ್ಷ ಮಾತೇ ಬಿಟ್ಟಿದ್ರು."

ಅವರು ತಮಾಷೆಗೆ ಹೇಳಿದ್ದು. ಅಕ್ಕ ಮಾತ್ರ ಬಸ್ಸಿನಲ್ಲಿ, ಒಂದು ವರ್ಷ ಅಂದ್ರಾ ಕಣೆ ಎಂದು ನನ್ನನ್ನು ಎರಡು ಸಲ ಕೇಳಿದಳು.

ಚಪ್ಪರ ಹಾಕುತ್ತಿದ್ದ ದಿನ, ಭಾವ ವೈರು ಎಳೆದು ಸೆಟ್ಟು ಜೋಡಿಸಿ ಹೋಗಲು ಬರುವುದಿತ್ತು. ಬೆಳಿಗ್ಗೆ ಒಳ್ಳೆ ಚಳಿ. ನಾನು ನಡುಮನೆಯ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದೆ. ಹೊಲಿಗೆ ಕಲಿಸುವುದು ಆಗ ನನ್ನ ಕೆಲಸ, ಅಕ್ಕನ ರವಿಕೆಗಳೆಲ್ಲ ನನ್ನ ಪಾಲಿಗೆ ಬಿದ್ದಿದ್ದವು. ಹಿತ್ತಲಲ್ಲಿ ಹೊಗೆ ಕಂಡಿತು. ಅಜ್ಜ ದಿನಾ ಅಲ್ಲಿ ಹುಲ್ಲು ಸುಟ್ಟು ಮೈ ಕಾಯಿಸಿಕೊಳ್ಳುತ್ತಿದ್ದ, ಯಾರೂ ಅತ್ತ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಬಟ್ಟೆ ಸುಟ್ಟ ವಾಸನೆ, ಅದರೊಳಗೆ ವಾರ್ನಿಷಿನ ಘಾಟು. ನನ್ನ ಕೈಯಲ್ಲಿದ್ದ ರವಿಕೆಯನ್ನೇ ತಿರುಗಿಸಿ ನೋಡಿದೆ. ಆಮೇಲೆ ಮೇಜಿನ ಕಡೆ ನೋಡಿದೆ. ಕಂಬಳಿ ಮಡಿಸಿಟ್ಟಿತ್ತು, ಎರಡು ಸಣ್ಣ ಪೆಟ್ಟಿಗೆಗಳೂ ಇರಲಿಲ್ಲ.

ಹಿತ್ತಲಿಗೆ ಓಡಿದೆ. ಅಜ್ಜ ಕುಕ್ಕರಗಾಲಲ್ಲಿ ಕೂತು, ಹುಲ್ಲಿನ ಬೆಂಕಿಯ ಮುಂದೆ ಪೆಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಹಿಂಗೈಯಿಂದ ಅವುಗಳ ಮುಖ ಮುಟ್ಟಿ ಮುಟ್ಟಿ ಹದ ನೋಡುತ್ತಿದ್ದ. ಎಡದ ಪೆಟ್ಟಿಗೆಯ ಬಟ್ಟೆ ಕಂದಿತ್ತು. ಬಲದ್ದು ನಡುವೆ ಕರಕಲಾಗಿ ತೂತು ಬಿದ್ದು, ಒಳಗೆ ಸ್ವರ ಹೊರಡಿಸುವ ಕಪ್ಪು ಕಾಗದದ ಬುಟ್ಟಿಯೂ ಒಂದು ಕಡೆ ಸುಟ್ಟು ಸೀಳಿತ್ತು.

"ಈಗಿನ ಚರ್ಮ ತಡಿಯದಿಲ್ಲ," ಎಂದ ಅಜ್ಜ, ಬೇಸರದಿಂದ. "ಬಟ್ಟೆ ಹಾಕಿದಾರೆ, ಏನು ಮಾಡದು."

ಅವನು ಮದುಮಗನಿಗೆ ಸಹಾಯ ಮಾಡುತ್ತಿದ್ದ. ಹುಡುಗ ಬಂದ ಕೂಡಲೇ ಹಚ್ಚಲಿ, ಕಾಯಿಸುವ ಕೆಲಸವಾದರೂ ನನ್ನ ಕೈಯಿಂದ ಮುಗಿದಿರಲಿ ಎಂದು. ಈ ಕನ್ನಡವನ್ನು ಏನೆನ್ನಬೇಕೋ. ನೀರು ಕಾಯುವುದಕ್ಕೂ, ಬಸ್ಸು ಕಾಯುವುದಕ್ಕೂ, ಗದ್ದೆ ಕಾಯುವುದಕ್ಕೂ ಒಂದೇ ಮಾತು ಇಟ್ಟುಕೊಂಡಿದ್ದೇವೆ. ಭಾವ ಹೇಳಿದ್ದು ತನ್ನಷ್ಟಕ್ಕೆ ತಾನು ಕಾಯುವುದು, ಅಜ್ಜ ಕೇಳಿದ್ದು ಬೆಂಕಿಗೆ ಕಾಯುವುದು. ನಾವು ಮಿಕ್ಕವರು ಯಾವುದನ್ನೂ ಕಾಯಲಿಲ್ಲ.

ನನ್ನ ಹಿಂದೆಯೇ ಅಪ್ಪ ಬಂದ. ಆಮೇಲೆ ಶುರುವಾಯಿತು. "ಏನ್ ಮಾಡೀರಿ ಇದು? ತಲೆ ಎಲ್ಲಿ ಇಟ್ಟೀರಿ? ಬೀಗರ ಮುಂದ ನಾ ಹೆಂಗ ಮುಖ ಎತ್ತಲಿ?" ಚಪ್ಪರ ಕಟ್ಟುತ್ತಿದ್ದವರು ಗಳ ಹಿಡಿದುಕೊಂಡೇ ಇಣುಕಿದರು. ಅಜ್ಜ ಮೊದಲು ಬೆಂಕಿ ನೋಡಿದ, ಆಮೇಲೆ ಪೆಟ್ಟಿಗೆ ನೋಡಿದ, ಆಮೇಲೆ ನೆಲ ನೋಡಿದ. ಅಮ್ಮ ಅಡಿಗೆಮನೆಯಿಂದ ಬಂದು ತನ್ನ ಅಪ್ಪನ ಪಕ್ಕ ನಿಂತಳು. ಅವಳ ಅಪ್ಪನ ಮೇಲೆ ಅವಳ ಗಂಡ ಊರೆದುರು ಕೂಗುತ್ತಿದ್ದ, ಅವಳು ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ನನಗೆ ಅಪ್ಪನ ಮೇಲೆ ಬಂದಂಥ ಸಿಟ್ಟು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಕೂಗಿ ಸುಸ್ತಾದ ಮೇಲೆ ಅಪ್ಪ ಉಪಾಯ ಹುಡುಕಿದ. ಪೆಟ್ಟಿಗೆಗಳಿಗೆ ಜರಿ ಪಂಚೆ ಹೊದಿಸಿ ಶೃಂಗಾರ ಮಾಡಿಬಿಡೋಣ. ಕೇಳಿದರೆ ಕರೆಂಟ್ ಜಾಸ್ತಿ ಬಂತು ಅನ್ನೋಣ. ಶಿಕಾರಿಪುರದ ಕರೆಂಟಿನ ಮೇಲೆ ಯಾವ ಪಾಪ ಹೊರಿಸಿದರೂ ಜನ ನಂಬುತ್ತಿದ್ದರು, ಅಷ್ಟು ಮಟ್ಟಿಗೆ ಅದು ಜಾಣ ಉಪಾಯವೇ. ನಾನೂ ಪಂಚೆ ತರಲು ಹೊರಟೆ.

ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು. "ಏನೂ ಮುಚ್ಚೋದು ಬ್ಯಾಡ ಅಪ್ಪ," ಎಂದಳು. "ಹಂಗೇ ಇರ್ಲಿ. ಆಗಿದ್ದು ಆಗಿದ್ದಂಗೇ ಹೇಳ್ರಿ." ಅಕ್ಕ ಅಪ್ಪನಿಗೆ ಬೇಡ ಎಂದದ್ದು ಅದೇ ಮೊದಲು. ಆ ಆಶ್ಚರ್ಯಕ್ಕೇ ಇರಬೇಕು, ಅಪ್ಪ ಪಂಚೆಯ ಉಪಾಯ ಕೈಬಿಟ್ಟ.

ಅಕ್ಕ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ರಟ್ಟೆ ಹಿಡಿದಳು. "ಅವರ ಸಿಟ್ಟನ್ನ ಮದುವೆ ಆದ ಮ್ಯಾಲೆ ನೋಡೋ ಬದ್ಲು ಇವತ್ತೇ ನೋಡ್ಬಿಡೋಣ ಕಣೆ. ಅಜ್ಜನ ಮ್ಯಾಲೆ ಕೂಗಿದ್ರೆ ನಂಗೆ ಈ ಮದುವೆ ಬ್ಯಾಡ. ಅಪ್ಪಂಗೆ ಹೇಳಕ್ಕೆ ನಂಗೆ ಬಾಯಿ ಬರಲ್ಲ. ನೀನೇ ಹೇಳ್ಬೇಕು."

ಊರಿಗೆಲ್ಲ ಕರೆಯೋಲೆ ಹೋಗಿತ್ತು, ಹಿತ್ತಲಲ್ಲಿ ಕುಂಬಳಕಾಯಿ ರಾಶಿ ಬಿದ್ದಿತ್ತು, ಚಪ್ಪರಕ್ಕೆ ಅರ್ಧ ಗರಿ ಹೊದಿಸಿಯಾಗಿತ್ತು. ಹೇಳ್ತೀನಿ ಎಂದೆ. ಬಾಯಿ ಜೋರು ಎಂದು ಹೆಸರು ತೆಗೆದುಕೊಂಡವಳಿಗೆ ಆ ಹೊತ್ತು ಬಾಯಿ ಒಣಗಿತ್ತು.

ಭಾವ ಬಂದದ್ದು ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು, ಕೈಯಲ್ಲಿ ವೈರಿನ ಸುರುಳಿ. ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಅಮ್ಮ ಒಂದು ಮಸಿ ಹಿಡಿದ ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ನಡೆದಳು. "ಅವರ ಕೂಗು ನನ್ನ ಕಿವಿಗೆ ಬೀಳೋದು ಬ್ಯಾಡ," ಎಂದಳು, ಅಷ್ಟೇ.

ಮೇಜಿನ ಮೇಲೆ ಪೆಟ್ಟಿಗೆಗಳು ಹಾಗೆಯೇ ಇದ್ದವು. ಭಾವ ನೋಡಿದರು. ಬಲದ ಪೆಟ್ಟಿಗೆಯ ತೂತಿನೊಳಗೆ ಬೆರಳು ಹಾಕಿ ಸೀಳನ್ನು ಮುಟ್ಟಿದರು. ಅಪ್ಪ ಕೆಮ್ಮಿದ. ಅಜ್ಜ ಮೂಲೆಯಿಂದ ಎದ್ದು ಮುಂದೆ ಬಂದ.

"ನಾನೇ ಕಾಯ್ಸಿದ್ದು," ಎಂದ. "ನೀವು ಅಂದಿದ್ರಲ್ಲ, ಕಾಯ್ದೇ ಸ್ವರ ಬರದಿಲ್ಲ ಅಂತ. ಹಸಿ ಚಳಿ ಬೇರೆ. ಹುಲ್ಲಿನ ಬೆಂಕಿನೇ ಹಾಕಿದ್ದೆ."

ಭಾವನ ಕಿವಿ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ. ಕುತ್ತಿಗೆಯ ನರ ಎದ್ದಿತು. ಅವರಿಗೆ ಸಿಟ್ಟು ಬರಲಿಲ್ಲ ಎಂದು ಮುಂದೆ ನಮ್ಮ ನೆಂಟರು ಹೇಳಿಕೊಂಡು ತಿರುಗಿದರು. ಅದು ಸುಳ್ಳು. ಬಂದಿತ್ತು, ನಮ್ಮಪ್ಪನಿಗೆ ಬರುವಷ್ಟೇ ಬಂದಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ, ಹೊರಗೆ ನಡೆದುಬಿಟ್ಟರು. ಅರ್ಧ ಕಟ್ಟಿದ ಚಪ್ಪರ ದಾಟಿ, ರಸ್ತೆಯಂಚಿಗೆ ಹೋಗಿ, ನಮ್ಮ ಮನೆಗೆ ಬೆನ್ನು ಹಾಕಿ ನಿಂತರು.

ಬಾಗಿಲ ಸಂದಿಯಲ್ಲಿ ಅಕ್ಕ ನನ್ನ ಕೈ ಬಿಡಲಿಲ್ಲ. "ಹೋದ್ರಾ?" ಎಂದಳು. ಇಲ್ಲ, ನಿಂತಿದ್ದಾರೆ ಎಂದೆ. ಒಂದು ಎತ್ತಿನ ಗಾಡಿ ಅವರ ಮುಂದೆ ಹಾದುಹೋಯಿತು. ಕನ್ನಡಕವಿಲ್ಲದೆ ಅವರಿಗೆ ಅದು ಕಂಡಿತೋ ಇಲ್ಲವೋ. ನಾನು ಅಪ್ಪನಿಗೆ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಅವರು ತಿರುಗಿ ಬಂದರು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ, ಅಜ್ಜನ ಪಕ್ಕ ನೆಲದ ಮೇಲೆ ಕೂತರು.

"ಬೆಂಕಿಗೆ ನೇರ ಹಿಡಿದಿದ್ರೋ, ಓರೆ ಇಟ್ಟಿದ್ರೋ?"

"ಓರೆ. ನೇರ ಹಿಡಿಯದಾ? ಚರ್ಮ ಬಿರಿತದೆ."

"ಹಂಗಾದ್ರೆ ಹಿಂದಿನ ತಂತಿ ಸುರುಳಿ ಉಳ್ದಿರ್ಬೇಕು," ಎಂದರು ಭಾವ. "ತಪ್ಪು ನಂದೇ ಅಜ್ಜ. ಅದು ತನ್ನಷ್ಟಕ್ಕೆ ಕಾಯ್ತದೆ ಅಂತ ಬಿಡಿಸಿ ಹೇಳ್ಬೇಕಿತ್ತು."

ಅವರು ಎದ್ದು ಎರಡು ಸಣ್ಣ ಪೆಟ್ಟಿಗೆಗಳಿಗೂ ವೈರು ಜೋಡಿಸಿ, ಸೆಟ್ಟನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ದೊಡ್ಡ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿ, ಅಜ್ಜನನ್ನು ಹತ್ತಿರ ಕರೆದರು. ಒಳಗೆ ಸಾಲಾಗಿ ಗಾಜಿನ ಬುರುಡೆಗಳು. ನಿಧಾನವಾಗಿ ಒಂದೊಂದರೊಳಗೂ ಕೆಂಡದ ಬಣ್ಣದ ಎಳೆ ಮೂಡಿತು. ಅಜ್ಜ ಕೈಯೊಡ್ಡಿ ನೋಡಿದ, ಶಾಖ ತಾಗಿತು.

"ಇದಕ್ಕೆ ಬೆಂಕಿ ಹೊಟ್ಟೆ ಒಳಗೇ ಐತೆ," ಎಂದ ಅಜ್ಜ.

"ಹೌದು. ಇದನ್ನೇ ನಾನು ಅವತ್ತು ತೋರಿಸ್ಬೇಕಿತ್ತು."

ಎಲ್ಲರೂ ಕಾದೆವು. ಎಡಗಡೆಯಿಂದ ಸ್ಪಷ್ಟವಾದ ಗಂಡಸಿನ ದನಿ ಹೊರಟಿತು, ದನಗಳ ಕಾಲುಬಾಯಿ ರೋಗಕ್ಕೆ ಏನು ಮಾಡಬೇಕೆಂದು ರೈತರಿಗೆ ಹೇಳುತ್ತಿತ್ತು. ಬಲಗಡೆಯಿಂದ ಅದೇ ಮಾತು ಗೊರಗೊರ ಎನ್ನುತ್ತಿತ್ತು, ಆ ರೋಗ ಹೇಳುವವನಿಗೇ ಬಂದ ಹಾಗೆ. ನಾನು ನಗು ತಡೆಯಲಾರದೆ ಸೆರಗು ಕಚ್ಚಿದೆ. ಅಪ್ಪ ಮಾತ್ರ ತನ್ನ ಕಸುಬಿನ ಮಾತು ಬಂತೆಂದು ಗಂಭೀರವಾಗಿ ತಲೆಯಾಡಿಸುತ್ತಿದ್ದ.

"ಜೀವ ಇದೆ," ಎಂದರು ಭಾವ. ಅವರ ಮುಖಕ್ಕೆ ರಕ್ತ ತಿರುಗಿ ಬಂತು. ಅವರಿಗೂ ಎಷ್ಟು ಹೆದರಿಕೆಯಾಗಿತ್ತು ಎಂದು ನನಗೆ ಆಗ ತಿಳಿಯಿತು.

ಸೀಳಿಗೆ ತೇಪೆ ಹಾಕಲು ತೆಳು ಕಾಗದ ಬೇಕೆಂದರು. ರವಿಕೆಯ ಅಳತೆ ಕತ್ತರಿಸುವ ನನ್ನ ಕಾಗದ ಕೊಟ್ಟೆ, ಮೈದಾ ಅಂಟು ಕಾಸಿದೆ. ಅಜ್ಜ ಪೆಟ್ಟಿಗೆಯನ್ನು ಅಲ್ಲಾಡದ ಹಾಗೆ ಹಿಡಿದ, ಭಾವ ಬೆರಳ ತುದಿಯಿಂದ ತೇಪೆ ಒತ್ತಿದರು. ಬಟ್ಟೆ ಸುಟ್ಟ ಜಾಗಕ್ಕೆ ನಾನು ಅಕ್ಕನ ರವಿಕೆಯಲ್ಲಿ ಉಳಿದ ಕೆಂಪು ತುಂಡು ಎಳೆದು ಕಟ್ಟಿದೆ. ಮೊದಲಿನ ಹಾಗೆ ಆಯಿತೆಂದು ಹೇಳಲಾರೆ. ದನಿ ಏರಿಸಿದರೆ ಬಲಗಡೆ ಆಮೇಲೂ ಸಣ್ಣಗೆ ಮುಲುಗುತ್ತಿತ್ತು, ಭಾವ ದನಿ ಏರಿಸಲಿಲ್ಲ.

ಅವರು ಕೈ ತೊಳೆಯಲು ಬಂದಾಗ ಚೊಂಬು ಹಿಡಿದು ನಿಂತದ್ದು ಅಕ್ಕ. ನಾನು ಹಿಂದೆಯೇ ಇದ್ದೆ. ನೀರು ಹಾಕುತ್ತಲೇ, ತಲೆ ಎತ್ತದೆ, ಅಕ್ಕ ಕೇಳಿಬಿಟ್ಟಳು.

"ನಿಮ್ಮ ತಮ್ಮನ ಹತ್ರ ಒಂದು ವರ್ಷ ಮಾತು ಬಿಟ್ಟಿದ್ರಂತೆ."

ಭಾವ ಕೈ ಉಜ್ಜುವುದನ್ನು ನಿಲ್ಲಿಸಿದರು. "ಬಿಟ್ಟಿದ್ದೆ," ಎಂದರು. "ಆ ವರ್ಷವೆಲ್ಲ ಒಬ್ನೇ ಕೂತು ಅದನ್ನ ಕೇಳ್ದೆ. ಏನು ಕೇಳ್ದೆ ಅಂತ ಒಂದೂ ನೆನಪಿಲ್ಲ." ಮತ್ತೆ ಕೈ ಉಜ್ಜುತ್ತ, "ಈಗ ಸಿಟ್ಟು ಬಂದ್ರೆ ಹೊರಗೆ ಹೋಗ್ತೀನಿ," ಎಂದರು.

ಅಕ್ಕ ಉಳಿದ ನೀರನ್ನೂ ಅವರ ಕೈಮೇಲೆ ಹಾಕಿ, ಟವೆಲು ಕೊಟ್ಟು, ಒಳಗೆ ಹೋದಳು. ಹೋಗುವಾಗ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಅಪ್ಪನಿಗೆ ಏನೂ ಹೇಳಬೇಕಾಗಿಲ್ಲ ಎಂಬುದು ಆ ಗುದ್ದಿನಲ್ಲೇ ಇತ್ತು. ಅಬ್ಬ, ಬದುಕಿದೆ ಎನಿಸಿತು. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತು ಹೊಟ್ಟೆ ಹಸಿಯತೊಡಗಿತು.

ಅಮ್ಮನಿಗೆ ಹೇಳಬೇಕೆಂದು ಬಾವಿಕಟ್ಟೆಗೆ ಓಡಿದೆ. ಅವಳು ಅದೇ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತಲೇ ಇದ್ದಳು. ಮಸಿ ಯಾವಾಗಲೋ ಹೋಗಿ ಪಾತ್ರೆ ಬೆಳ್ಳಗೆ ಹೊಳೆಯುತ್ತಿತ್ತು.

"ಮುಗೀತಾ?" ಎಂದಳು.

"ಮುಗೀತಮ್ಮ. ತೇಪೆ ಹಾಕಿದ್ರು. ಹಾಡ್ತದೆ."

"ಅದಲ್ಲ. ಕೂಗಿದ್ರಾ?"

"ಇಲ್ಲ."

"ಅಜ್ಜಂಗೆ ಏನೂ ಅನ್ಲಿಲ್ವಾ?"

"ಪಕ್ಕ ಕೂರಿಸಿಕೊಂಡು ಒಳಗಿನ ದೀಪ ತೋರಿಸಿದ್ರು."

ಅಮ್ಮ ಪಾತ್ರೆ ಕೆಳಗಿಟ್ಟಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬೂದಿಯ ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು, ನನ್ನ ಮುಖವನ್ನೇ ನೋಡಿದಳು.

"ಗಂಡಸ್ರು ಹಂಗೂ ಇರ್ತಾರಾ," ಎಂದಳು. ಕಲ್ಲಿನ ಮೇಲೆ ನನಗೂ ಜಾಗ ಬಿಟ್ಟು, "ಅವರು ಬಾಗಿಲಿಗೆ ಬಂದಲ್ಲಿಂದ ಹೇಳು," ಎಂದಳು. ನಾನು ಅವಳ ಪಕ್ಕ ಕೂತು ಮೊದಲಿನಿಂದ ಹೇಳಿದೆ.